ಸೂಪಿಗೆ ರುಚಿ ನೋಡುವ ಹೊತ್ತು

ನಾನು ಮೊದಲ ಸಲ ಗಜ್ಪಾಚೊ ಅನ್ನುವ, ಬೇಯಿಸದೆ ರುಬ್ಬುವ ತಣ್ಣನೆ ಟೊಮೆಟೊ ಸೂಪು ಮಾಡಿದ ದಿನ ಊಟಕ್ಕೆ ಕೂತವರು ಯಾರೂ ಏನೂ ಅನ್ನಲಿಲ್ಲ. ಚೆನ್ನಾಗಿದೆ ಅಂತಲೂ ಇಲ್ಲ, ಚೆನ್ನಾಗಿಲ್ಲ ಅಂತಲೂ ಇಲ್ಲ. ಅಡುಗೆ ಮಾಡಿದವರಿಗೆ ಅಷ್ಟು ಸಾಕು, ಎಲ್ಲೋ ಎಡವಟ್ಟಾಗಿದೆ ಅಂತ ಗೊತ್ತಾಗಿಬಿಡುತ್ತದೆ. ರುಬ್ಬಿದ ಕೂಡಲೇ ಚಮಚದಲ್ಲಿ ರುಚಿ ನೋಡಿದಾಗ ಉಪ್ಪು, ಹುಳಿ ಎಲ್ಲ ಸರಿಯಾಗೇ ಇತ್ತು. ನಾಲ್ಕು ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆದು ಬಡಿಸಿದರೆ ಸಪ್ಪೆಯೋ ಸಪ್ಪೆ. ಉಪ್ಪು ಎಲ್ಲಿ ಹೋಯಿತು?

ಎಲ್ಲೂ ಹೋಗಿರಲಿಲ್ಲ. ತಣ್ಣಗಿನದು ಬಾಯಿಗೆ ಬಿದ್ದಾಗ ನಾಲಿಗೆ ಮಂದವಾಗುತ್ತದೆ. ಕರಗಿಹೋದ ಐಸ್‌ಕ್ರೀಮ್ ಕುಡಿದು ನೋಡಿ, ಅತಿ ಸಿಹಿ ಅನಿಸುತ್ತದೆ ಅಲ್ವಾ? ಗಟ್ಟಿಯಾಗಿದ್ದಾಗ ಅದೇ ಸಕ್ಕರೆ ಹದವಾಗಿತ್ತು. ಅವತ್ತಿನಿಂದ ನನ್ನ ಅಭ್ಯಾಸ ಒಂದೇ. ಸೂಪನ್ನು ಎಷ್ಟು ಬಿಸಿಯಾಗಿ ಅಥವಾ ಎಷ್ಟು ತಣ್ಣಗೆ ಕುಡಿಯುತ್ತೇವೋ, ಅಷ್ಟಕ್ಕೆ ತಂದ ಮೇಲೆ ರುಚಿ ನೋಡುವುದು. ತಣ್ಣನೆ ಸೂಪಿಗೆ ಫ್ರಿಜ್ಜಿನಿಂದ ಹೊರಗೆ ತೆಗೆದ ಮೇಲೆ ಉಪ್ಪು, ವಿನೆಗರ್ ಇನ್ನೊಮ್ಮೆ ಸರಿಮಾಡಬೇಕು. ಬಿಸಿ ಸೂಪು ಕುದಿಯುತ್ತಿರುವಾಗ ಸೌಟಿನಿಂದ ನೇರ ಬಾಯಿಗೆ ಹಾಕಿಕೊಂಡರೆ ನಾಲಿಗೆ ಸುಡುವುದೊಂದೇ ಲಾಭ. ಒಂದು ಚಮಚ ಬಟ್ಟಲಿಗೆ ಹಾಕಿ, ಊದಿ, ಆಮೇಲೆ ನೋಡಿ. ಇನ್ನೊಂದು ವಿಷಯ. ಸೂಪು ಕುದಿದಂತೆಲ್ಲ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಮೊದಲೇ ಸರಿಯಾಗಿ ಹಾಕಿದ ಉಪ್ಪು ಕೊನೆಗೆ ಜಾಸ್ತಿಯಾಗುವುದು ಹೀಗೆ.

ಗಜ್ಪಾಚೊ ಸ್ಪೇನ್ ದೇಶದ ದಕ್ಷಿಣದ ಆಂಡಲೂಸಿಯಾದ್ದು. ಬೇಸಿಗೆ ಅಲ್ಲಿ ಸುಡುತ್ತದೆ. ಹೊಲದಲ್ಲಿ ದುಡಿಯುವವರು ಒಣಗಿದ ಬ್ರೆಡ್ಡು, ಬೆಳ್ಳುಳ್ಳಿ, ಉಪ್ಪು, ಆಲಿವ್ ಎಣ್ಣೆ, ವಿನೆಗರ್ ಇಷ್ಟನ್ನು ಮರದ ಬೋಗುಣಿಯಲ್ಲಿ ಕುಟ್ಟಿ ನೀರು ಬೆರೆಸಿಕೊಳ್ಳುತ್ತಿದ್ದರು. ಅದೇ ಹಳೆಯ ಗಜ್ಪಾಚೊ. ಅದರಲ್ಲಿ ಟೊಮೆಟೊ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಟೊಮೆಟೊ, ದಪ್ಪ ಮೆಣಸಿನಕಾಯಿ ಎರಡೂ ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದವು, ಅದೂ ಕೊಲಂಬಸ್ ಅಲ್ಲಿಗೆ ಹೋಗಿಬಂದ ಮೇಲೆ. ಕೆಂಪಾಗಿಲ್ಲದ ಹಳೆಯ ಬಗೆ ಈಗಲೂ ಇದೆ. ಅಹೊ ಬ್ಲಾಂಕೊ ಅನ್ನುತ್ತಾರೆ. ಬಾದಾಮಿ, ಬೆಳ್ಳುಳ್ಳಿ, ಬ್ರೆಡ್ಡು ರುಬ್ಬಿ, ಮೇಲೆ ದ್ರಾಕ್ಷಿ ಹಾಕುವ ಬಿಳಿ ಸೂಪು. ಬೆಳ್ಳುಳ್ಳಿಗೆ ದ್ರಾಕ್ಷಿಯೇ ಅಂತ ಮೂಗು ಮುರಿಯಬೇಡಿ. ನಾನೂ ಮುರಿದವಳೇ, ಆಮೇಲೆ ಎರಡನೇ ಬಟ್ಟಲು ಕೇಳಿದೆ.

ನಾಲ್ಕು ಜನಕ್ಕೆ ಒಂದು ಕಿಲೊ ಟೊಮೆಟೊ ಬೇಕು. ಚೆನ್ನಾಗಿ ಹಣ್ಣಾಗಿರಬೇಕು, ಮೂಸಿದರೆ ವಾಸನೆ ಬರಬೇಕು. ಇಲ್ಲಿ ಬೇಯಿಸುವುದು ಇಲ್ಲವಾದ್ದರಿಂದ ಕಾಯಿಯ ಒಗರನ್ನು ಮುಚ್ಚಿಹಾಕಲು ದಾರಿ ಇಲ್ಲ. ದೋರೆ ಟೊಮೆಟೊ ಮಾತ್ರ ಸಿಕ್ಕಿದರೆ ಆ ದಿನ ಬೇರೆ ಸೂಪು ಮಾಡಿ. ಹೋಳು ಮಾಡಿ, ಒಂದು ಸಣ್ಣ ಸೌತೆಕಾಯಿ, ಅರ್ಧ ದಪ್ಪ ಮೆಣಸಿನಕಾಯಿ, ಒಂದೇ ಒಂದು ಎಸಳು ಬೆಳ್ಳುಳ್ಳಿ ಸೇರಿಸಿ, ಉಪ್ಪು ಉದುರಿಸಿ ಅರ್ಧ ಗಂಟೆ ಹಾಗೇ ಬಿಡಿ. ತರಕಾರಿ ತಾನೇ ನೀರು ಬಿಡುತ್ತದೆ. ಆ ನೀರಿನಲ್ಲಿ 50 ಗ್ರಾಂನಷ್ಟು ಹಿಂದಿನ ದಿನದ ಬ್ರೆಡ್ಡು ನೆನೆಸಿ. ಹೊಸ ಬ್ರೆಡ್ಡಾದರೆ ಅಂಟಂಟಾಗುತ್ತದೆ. ಬೆಳ್ಳುಳ್ಳಿ ಎಸಳಿನ ನಡುವೆ ಹಸಿರು ಮೊಳಕೆ ಇದ್ದರೆ ಕಿತ್ತು ಹಾಕಿ, ಹಸಿ ಬೆಳ್ಳುಳ್ಳಿಯ ಕಟುವಾಸನೆ ಅರ್ಧ ಅಲ್ಲೇ ಇರುತ್ತದೆ.

ಎಲ್ಲ ಸೇರಿಸಿ ನುಣ್ಣಗೆ ರುಬ್ಬಿ. ರುಬ್ಬುತ್ತಿರುವಾಗಲೇ ನಾಲ್ಕು ದೊಡ್ಡ ಚಮಚ ಆಲಿವ್ ಎಣ್ಣೆಯನ್ನು ದಾರದ ಹಾಗೆ ಸಣ್ಣಗೆ ಬಿಡುತ್ತಾ ಬನ್ನಿ. ಒಂದೇ ಸಲ ಸುರಿದರೆ ಎಣ್ಣೆ ಮೇಲೆ ತೇಲುತ್ತದೆ. ನಿಧಾನಕ್ಕೆ ಬಿಟ್ಟರೆ ಟೊಮೆಟೊ ರಸದಲ್ಲಿ ಸಣ್ಣ ಸಣ್ಣ ಹನಿಯಾಗಿ ಬೆರೆತು ಸೂಪು ಕೆನೆಯಂತಾಗುತ್ತದೆ, ಬಣ್ಣ ಕೆಂಪಿನಿಂದ ಕಿತ್ತಳೆಗೆ ತಿರುಗುತ್ತದೆ. ನನ್ನ ಸೊಸೆ ಇದನ್ನು ನೋಡಿ ಕೆಟ್ಟಿತೇನೋ ಅಂತ ಹೆದರಿದ್ದಳು. ಹೆದರಬೇಡಿ, ಆ ಬಣ್ಣ ಬಂದರೇ ಹದ ಬಂತು ಅಂತ. ಕಡೆಗೆ ಒಂದೆರಡು ಚಮಚ ವಿನೆಗರ್. ಶೆರ್ರಿ ವಿನೆಗರ್ ಸಿಕ್ಕರೆ ಅದೇ ಸರಿ, ಸಿಗದಿದ್ದರೆ ದ್ರಾಕ್ಷಿಯದ್ದು. ಸಿಪ್ಪೆ, ಬೀಜ ಬೇಡವಾದರೆ ಜರಡಿಯಲ್ಲಿ ಸೋಸಿ. ನಾನು ಸೋಸುತ್ತೇನೆ, ನನ್ನ ತಂಗಿ ಸೋಸುವುದಿಲ್ಲ. ಈ ಜಗಳ ಮೂವತ್ತು ವರ್ಷದ್ದು.

ಇದಕ್ಕೆ ಬ್ರೆಡ್ಡು ಜಾಸ್ತಿ ಮಾಡಿ, ಸೌತೆಕಾಯಿ ಬಿಟ್ಟು ಗಟ್ಟಿಯಾಗಿ ರುಬ್ಬಿದರೆ ಕಾರ್ಡೊಬಾ ಊರಿನ ಸಾಲ್ಮೊರೆಹೊ ಆಗುತ್ತದೆ. ಮೇಲೆ ಬೇಯಿಸಿದ ಮೊಟ್ಟೆ ಹೆಚ್ಚಿ ಹಾಕುತ್ತಾರೆ. ಅದು ಹೊಟ್ಟೆ ತುಂಬುವ ತಣ್ಣನೆ ಸೂಪು.

ತಣ್ಣನೆ ಸೂಪಿಗೆ ಬೆಣ್ಣೆ ಹಾಕುವವರನ್ನು ನೋಡಿದ್ದೇನೆ. ಬೆಣ್ಣೆ ಫ್ರಿಜ್ಜಿನಲ್ಲಿ ಹೆಪ್ಪುಗಟ್ಟುತ್ತದೆ, ಬಾಯಿಗೆ ಮರಳು ಮರಳಾಗಿ ಸಿಗುತ್ತದೆ. ಎಣ್ಣೆಯೇ ಸರಿ. ಆಲೂಗಡ್ಡೆ, ಈರುಳ್ಳಿ ಜಾತಿಯ ಲೀಕ್ ಹಾಕಿ ಮಾಡುವ ವಿಶಿಸ್ವಾಝ್ ಸೂಪಿಗೆ ಬೆಣ್ಣೆ ಬೇಕೇ ಬೇಕು ಅನ್ನುವವರು ಒಂದೇ ಒಂದು ಚಮಚದಲ್ಲಿ ಮುಗಿಸಿ. ಆ ಸೂಪನ್ನು ಹೆಸರಾಗಿಸಿದವರು ಲೂಯಿ ಡಿಯಾ ಅನ್ನುವ ಫ್ರೆಂಚ್ ಬಾಣಸಿಗರು, 1917ರಲ್ಲಿ, ನ್ಯೂಯಾರ್ಕಿನ ರಿಟ್ಜ್ ಕಾರ್ಲ್‌ಟನ್ ಹೋಟೆಲಿನಲ್ಲಿ. ಚಿಕ್ಕಂದಿನಲ್ಲಿ ಅಮ್ಮ ಮಾಡಿದ ಬಿಸಿ ಸೂಪಿಗೆ ತಣ್ಣನೆ ಹಾಲು ಸುರಿದು ಕುಡಿಯುತ್ತಿದ್ದದ್ದು ಅವರಿಗೆ ನೆನಪಿತ್ತಂತೆ. ಬಲ್ಗೇರಿಯಾದ ತಾರಾತೋರ್ ಇನ್ನೂ ಸುಲಭ. ಮೊಸರು, ಸೌತೆಕಾಯಿ, ಬೆಳ್ಳುಳ್ಳಿ, ಸಬ್ಬಸಿಗೆ, ಆಕ್ರೋಟ್. ಒಲೆ ಹಚ್ಚುವ ಹಾಗೇ ಇಲ್ಲ.

ವಿಶಿಸ್ವಾಝ್ ಅಂದಾಗ ಒಂದು ಮಾತು ಹೇಳಲೇಬೇಕು. ಬೆಂದ ಆಲೂಗಡ್ಡೆಯನ್ನು ಮಿಕ್ಸಿಯಲ್ಲಿ ಜೋರಾಗಿ ಬಹಳ ಹೊತ್ತು ತಿರುಗಿಸಿದರೆ ಅದರ ಪಿಷ್ಟವೆಲ್ಲ ಹೊರಬಂದು ಸೂಪು ಗೋಂದಾಗುತ್ತದೆ. ಜರಡಿಗೆ ಹಾಕಿ ಸೌಟಿನ ಬೆನ್ನಿನಿಂದ ಒತ್ತಿ ಇಳಿಸಿ, ಇಲ್ಲವೇ ಎರಡು ಸುತ್ತು ತಿರುಗಿಸಿ ನಿಲ್ಲಿಸಿ. ಅಷ್ಟಕ್ಕೂ ಬಿಸಿ ಸೂಪನ್ನು ಮಿಕ್ಸಿ ಜಾರಿನ ಕಂಠದವರೆಗೆ ತುಂಬಬಾರದು. ನಾನು ತುಂಬಿದ್ದೆ. ಗುಂಡಿ ತಿರುಗಿಸಿದ ಕ್ಷಣಕ್ಕೆ ಒಳಗಿನ ಆವಿ ಹಿಗ್ಗಿ ಮುಚ್ಚಳ ಹಾರಿತು. ಕುಂಬಳಕಾಯಿ ಸೂಪು ಗೋಡೆಗೆ, ನನ್ನ ಮೊಣಕೈಗೆ, ಸೀಲಿಂಗಿಗೂ. ಮೊಣಕೈಯ ಗುರುತು ಈಗಲೂ ಇದೆ. ಆರಲು ಬಿಡಿ, ಜಾರಿನ ಮೂರನೇ ಒಂದು ಭಾಗ ಮಾತ್ರ ತುಂಬಿ. ಮುಚ್ಚಳದ ನಡುವಿನ ಸಣ್ಣ ಬಿರಡೆ ತೆಗೆದು, ಮೇಲೆ ಮಡಚಿದ ಬಟ್ಟೆ ಒತ್ತಿಹಿಡಿದು, ನಿಧಾನ ವೇಗದಿಂದ ಶುರುಮಾಡಿ.

ಹೊಟ್ಟೆ ತುಂಬುವ ಬಿಸಿ ಸೂಪುಗಳ ಗುಟ್ಟು ಸ್ಟಾಕ್‌ನಲ್ಲಿದೆ. ಅಂದರೆ ಮೂಳೆ, ತರಕಾರಿ ಬೇಯಿಸಿ ಸೋಸಿದ ನೀರು. ತಣ್ಣೀರಿನಲ್ಲೇ ಒಲೆಗೆ ಏರಿಸಿ, ಗುಳ್ಳೆ ಒಂದೊಂದಾಗಿ ಮೇಲೇಳುವಷ್ಟು ಸಣ್ಣ ಉರಿ ಇಡಿ. ಮಳಮಳ ಕುದಿಸಿದರೆ ಕೊಬ್ಬು ನೀರಿನಲ್ಲಿ ಕದಡಿ ಬಗ್ಗಡವಾಗುತ್ತದೆ. ಕೋಳಿಯ ಮೂಳೆಗೆ ಮೂರು ನಾಲ್ಕು ಗಂಟೆ, ಬರೀ ತರಕಾರಿಗೆ ಮುಕ್ಕಾಲು ಗಂಟೆ ಸಾಕು. ತರಕಾರಿಯನ್ನು ಅದಕ್ಕಿಂತ ಹೆಚ್ಚು ಬೇಯಿಸಿದರೆ ರುಚಿ ಏರುವುದಿಲ್ಲ, ಇಳಿಯುತ್ತದೆ. ಎಲೆಕೋಸು, ಹೂಕೋಸು ಇದಕ್ಕೆ ಬೇಡ, ಬಹಳ ಹೊತ್ತು ಕುದಿದರೆ ನಾತ ಹೊಡೆಯುತ್ತವೆ. ಈರುಳ್ಳಿಯ ಒಣಸಿಪ್ಪೆ ಹಾಕಿ, ಒಳ್ಳೆ ಬಣ್ಣ ಬರುತ್ತದೆ. ಅಣಬೆಯ ತೊಟ್ಟು, ಗಟ್ಟಿಯಾಗಿ ಒಣಗಿದ ಪಾರ್ಮೆಸಾನ್ ಚೀಸಿನ ಸಿಪ್ಪೆ ಎಸೆಯಬೇಡಿ. ಇಟಲಿಯವರು ಆ ಸಿಪ್ಪೆಯನ್ನು ಮಿನೆಸ್ಟ್ರೋನೆ ಅನ್ನುವ ತರಕಾರಿ ಸೂಪಿನ ಪಾತ್ರೆಗೇ ಹಾಕಿ ಕುದಿಸಿ, ಬಡಿಸುವ ಮುಂಚೆ ತೆಗೆಯುತ್ತಾರೆ. ಹಳೆ ಚೀಸು, ಟೊಮೆಟೊ, ಅಣಬೆ ಇವುಗಳಲ್ಲೆಲ್ಲ ಗ್ಲುಟಮೇಟ್ ಅನ್ನುವ, ರುಚಿ ತುಂಬುವ ಅಂಶ ಇದೆ. ಜಪಾನಿನ ಕಿಕುನೆ ಇಕೆಡಾ 1908ರಲ್ಲಿ ಕೊಂಬು ಅನ್ನುವ ಕಡಲ ಪಾಚಿಯ ನೀರಿನಲ್ಲಿ ಇದನ್ನೇ ಗುರುತಿಸಿ, ಆ ರುಚಿಗೆ ಉಮಾಮಿ ಅಂತ ಹೆಸರಿಟ್ಟರು. ಸೂಪಿನಲ್ಲಿ ಏನೋ ಕಮ್ಮಿ ಅನಿಸಿದಾಗ ನಾವು ಸುಮ್ನೆ ಉಪ್ಪು ಸುರಿಯುತ್ತೇವೆ. ಎಷ್ಟೋ ಸಲ ಬೇಕಾದದ್ದು ಉಪ್ಪಲ್ಲ, ಈ ರುಚಿ. ಇಲ್ಲವೇ ನಾಲ್ಕು ಹನಿ ನಿಂಬೆರಸ.

ಸ್ಟಾಕ್‌ಗೆ ಮಾತ್ರ ಉಪ್ಪು ಹಾಕಲೇಬೇಡಿ. ಮುಂದೆ ಅದು ಇನ್ನೊಮ್ಮೆ ಕುದಿದು ಬತ್ತುತ್ತದೆ.

ಈರುಳ್ಳಿ ಸೂಪು ಹತ್ತು ನಿಮಿಷದಲ್ಲಿ ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಒಂದು ಕಿಲೊ ಈರುಳ್ಳಿ ಜೇನಿನ ಬಣ್ಣ ದಾಟಿ ಕಂದಾಗಲು ಸಣ್ಣ ಉರಿಯಲ್ಲಿ ಮುಕ್ಕಾಲರಿಂದ ಒಂದು ಗಂಟೆ ಹಿಡಿಯುತ್ತದೆ. ಅಡುಗೆ ಸೋಡಾ ಚಿಟಿಕೆ ಹಾಕಿದರೆ ಬೇಗ ಕಂದಾಗುವುದು ನಿಜ, ಆದರೆ ಎಸಳೆಲ್ಲ ಮುದ್ದೆಯಾಗುತ್ತದೆ. ಪಾತ್ರೆಯ ತಳಕ್ಕೆ ಹಿಡಿದ ಕಂದು ಪದರವನ್ನು ಎರಡು ಚಮಚ ನೀರು ಹಾಕಿ ಕೆರೆದು ಸೂಪಿಗೇ ಸೇರಿಸಿ, ರುಚಿ ಇರುವುದೇ ಅಲ್ಲಿ. ಕಪ್ಪಾಗಿದ್ದರೆ ಮಾತ್ರ ಕೆರೆಯಲು ಹೋಗಬೇಡಿ, ಕಹಿ ಬರುತ್ತದೆ.

ಕಾಳಿನ ಸೂಪಿಗೆ ಟೊಮೆಟೊವನ್ನು ಕಾಳು ಮೆತ್ತಗಾದ ಮೇಲೆ ಹಾಕಿ. ಮೊದಲೇ ಹಾಕಿದರೆ ಹುಳಿಗೆ ಕಾಳು ಬಿರುಸಾಗೇ ಉಳಿಯುತ್ತದೆ, ಎಷ್ಟು ಬೇಯಿಸಿದರೂ ಕಲ್ಲು. ಕೆಂಪು ರಾಜ್ಮಾ ಬಗ್ಗೆ ಮಾತ್ರ ಉದಾಸೀನ ಬೇಡ. ಹಸಿ ಕಾಳಿನಲ್ಲಿರುವ ಒಂದು ವಿಷಾಂಶ ವಾಂತಿ ತರಿಸುತ್ತದೆ. ಕನಿಷ್ಠ ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಜೋರಾಗಿ ಕುದಿಸಿ. ಅರ್ಧ ಗಂಟೆ ಕುದಿಸಿದರೆ ನಿಶ್ಚಿಂತೆ. ಕುದಿ ಬಾರದ ಸ್ಲೋ ಕುಕ್ಕರಿಗೆ ಹಸಿ ರಾಜ್ಮಾ ನೇರ ಹಾಕಲೇಬಾರದು.

ಉಪ್ಪು ಜಾಸ್ತಿಯಾದರೆ ಆಲೂಗಡ್ಡೆ ಹಾಕಿ, ಅದು ಉಪ್ಪು ಎಳೆದುಕೊಳ್ಳುತ್ತದೆ ಅಂತ ನನಗೂ ಹೇಳಿಕೊಟ್ಟಿದ್ದರು, ನಾನೂ ಎಷ್ಟೋ ಜನಕ್ಕೆ ಹೇಳಿಕೊಟ್ಟೆ. ಆಲೂಗಡ್ಡೆ ಉಪ್ಪುನೀರನ್ನು ಕುಡಿಯುತ್ತದೆಯೇ ಹೊರತು ನೀರಿನಿಂದ ಉಪ್ಪನ್ನು ಆರಿಸಿಕೊಳ್ಳುವುದಿಲ್ಲ. ಉಳಿದ ಸೂಪು ಅಷ್ಟೇ ಉಪ್ಪಾಗಿರುತ್ತದೆ. ನೀರು, ಉಪ್ಪಿಲ್ಲದ ಸ್ಟಾಕ್ ಅಥವಾ ಕೆನೆ ಸೇರಿಸಿ ಸೂಪನ್ನೇ ಹೆಚ್ಚಿಸುವುದೊಂದೇ ದಾರಿ. ಹೆಚ್ಚಾದದ್ದನ್ನು ನಾಳೆಗೆ ಇಟ್ಟುಕೊಳ್ಳಿ.

ಟೊಮೆಟೊ ಸೂಪಿಗೆ ಹಾಲು ಹಾಕಿದರೆ ಒಡೆಯುತ್ತದೆ, ಗಟ್ಟಿ ಕೆನೆ ಅಷ್ಟು ಬೇಗ ಒಡೆಯುವುದಿಲ್ಲ. ಒಲೆ ಆರಿಸಿ, ಕೆನೆಗೆ ಒಂದು ಸೌಟು ಬಿಸಿ ಸೂಪು ಬೆರೆಸಿ, ಆಮೇಲೆ ಅದನ್ನು ಪಾತ್ರೆಗೆ ಸುರಿಯಿರಿ. ಮಿಸೊ ಅಂದರೆ ಜಪಾನಿನವರು ಹುದುಗಿಸಿದ ಸೋಯಾ ಮುದ್ದೆ, ಅದರ ಸೂಪಿಗೂ ಹೀಗೇ, ಮಿಸೊ ಬಿದ್ದ ಮೇಲೆ ಕುದಿಸಿದರೆ ಅದರ ಘಮ ಹೋಗುತ್ತದೆ. ಉಕ್ರೇನಿನ ಬೀಟ್‌ರೂಟ್ ಸೂಪು ಬೋರ್ಷ್ ಮಾಡುವಾಗ ಬೀಟ್‌ರೂಟಿನ ಬಣ್ಣ ಮಾಸುತ್ತಿದ್ದರೆ ಒಂದು ಚಮಚ ವಿನೆಗರ್ ಹಾಕಿ, ಹುಳಿ ಸಿಕ್ಕಿದರೆ ಕೆಂಪು ನಿಲ್ಲುತ್ತದೆ. 2022ರಲ್ಲಿ ಯುನೆಸ್ಕೊ ಆ ಸೂಪು ಮಾಡುವ ಸಂಪ್ರದಾಯವನ್ನು ತುರ್ತಾಗಿ ಉಳಿಸಿಕೊಳ್ಳಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು.

ದೊಡ್ಡ ಪಾತ್ರೆ ಸೂಪನ್ನು ರಾತ್ರಿಯಿಡೀ ಒಲೆಯ ಮೇಲೇ ಬಿಟ್ಟು ಬೆಳಗ್ಗೆ ಕುದಿಸಿದರಾಯಿತು ಅನ್ನುವ ಲೆಕ್ಕ ಬಿಡಿ. ಪಾತ್ರೆಯ ನಡುಭಾಗ ಗಂಟೆಗಟ್ಟಲೆ ಉಗುರುಬೆಚ್ಚಗೇ ಇರುತ್ತದೆ, ಕ್ರಿಮಿಗಳಿಗೆ ಅದೇ ಹಬ್ಬ. ಕೆಲವು ಕ್ರಿಮಿಗಳು ಬಿಟ್ಟ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಅಗಲವಾದ ತಟ್ಟೆ ಡಬ್ಬಗಳಿಗೆ ಹಂಚಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಮೂರು ನಾಲ್ಕು ದಿನದಲ್ಲಿ ಮುಗಿಸಿ, ಮತ್ತೆ ಬಿಸಿ ಮಾಡುವಾಗ ಚೆನ್ನಾಗಿ ಕುದಿ ಬರಿಸಿ. ಫ್ರೀಜರಿಗೆ ಇಡುವುದಾದರೆ ಡಬ್ಬದ ಮೇಲೆ ಒಂದು ಬೆರಳು ಜಾಗ ಬಿಡಿ, ಹೆಪ್ಪುಗಟ್ಟಿದ ನೀರು ಹಿಗ್ಗುತ್ತದೆ. ಪಾಸ್ತಾ ಹಾಕಿದ ಸೂಪು ಫ್ರೀಜರಿನಿಂದ ಬರುವಾಗ ಗಂಜಿಯಾಗಿರುತ್ತದೆ. ಪಾಸ್ತಾ ಬೇರೆ ಬೇಯಿಸಿ ಬಡಿಸುವಾಗ ಸೇರಿಸಿಕೊಳ್ಳಿ.

ಗಜ್ಪಾಚೊಗೆ ಅಷ್ಟು ದಿನದ ಆಯಸ್ಸಿಲ್ಲ. ಬೇಯಿಸದ ತರಕಾರಿಯಲ್ವಾ, ಮೊದಲೇ ಚೆನ್ನಾಗಿ ತೊಳೆಯಬೇಕು, ಎರಡು ದಿನದಲ್ಲಿ ಮುಗಿಸಬೇಕು. ಎರಡನೇ ದಿನಕ್ಕೆ ಬೆಳ್ಳುಳ್ಳಿ ಒಂದೇ ಮಾತಾಡಲು ಶುರುಮಾಡಿರುತ್ತದೆ. ತಣ್ಣಗಿರಲಿ ಅಂತ ಬಟ್ಟಲಿಗೆ ಐಸು ಹಾಕಬೇಡಿ, ಕರಗಿ ನೀರಾಗಿ ನೀವು ಸರಿಮಾಡಿದ ಉಪ್ಪೆಲ್ಲ ಹೋಗುತ್ತದೆ. ನಾನು ಮಾಡಿದ ದಿನವೇ ಒಂದು ಲೋಟ ಗಜ್ಪಾಚೊವನ್ನು ಐಸ್ ಟ್ರೇಗೆ ಸುರಿದು ಫ್ರೀಜರಿಗೆ ಇಟ್ಟುಬಿಡುತ್ತೇನೆ. ಮುಂದಿನ ಸಲ ಬಟ್ಟಲಿಗೆ ಎರಡೆರಡು ಕಿತ್ತಳೆ ಬಣ್ಣದ ತುಂಡು. ಕರಗಿದಷ್ಟೂ ಅದೇ ಸೂಪು.