ಹುಲ್ಲು ಹೊಡೆಯುವ ಮಿಷನ್ನಿನ ಎಣ್ಣೆ ಬಣ್ಣ ತಿರುಗಿದರೆ

ಹೋದ ಆಟಿ ತಿಂಗಳ ಮಳೆಯಲ್ಲಿ ನಡೆದದ್ದು. ಉಡುಪಿ ಕಡೆಯ ಪರ್ಕಳದ ಹತ್ತಿರ ನಮ್ಮ ಅಡಿಕೆ ತೋಟ. ಎರಡು ವಾರ ಬಿಡದೆ ಮಳೆ ಹೊಡೆದು ಹುಲ್ಲು ಮೊಣಕಾಲು ಮುಚ್ಚಿತ್ತು. ಸ್ವಲ್ಪ ಹೊಳವಾದ ಬೆಳಿಗ್ಗೆ ಹುಲ್ಲು ಹೊಡೆಯುವ ಮಿಷನ್ ಹೊರಗೆ ತಂದು ಎಣ್ಣೆಯ ಮುಚ್ಚಳ ತಿರುಗಿಸಿದೆ. ಮುಚ್ಚಳದ ಒಳಬದಿಗೆ ಬೆಣ್ಣೆ ಮೆತ್ತಿದ ಹಾಗೆ ಹಳದಿ ನೊರೆ. ಒಳಗಿನ ಎಣ್ಣೆ ನೋಡಿದರೆ ಹಾಲು ಜಾಸ್ತಿ ಹಾಕಿದ ಚಾದ ಬಣ್ಣ. ಎಣ್ಣೆಗೆ ನೀರು ಸೇರಿದ್ದರ ಗುರುತು ಅದು.

ಪಕ್ಕದ ಮನೆಯ ಹುಡುಗ ನೋಡಿ, ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ತಲೆಯ ಕೆಳಗಿನ ಸೀಲು, ಹೋಗಿದೆ ಅಂದ. ಕಾರಿನಲ್ಲಾದರೆ ಆ ಅನುಮಾನ ಸರಿ, ಅಲ್ಲಿ ಎಂಜಿನ್ನಿನ ಒಳಗೆ ತಣಿಸುವ ನೀರು, ಕೂಲಂಟ್, ಹರಿಯುತ್ತದೆ. ನಮ್ಮ ಮಿಷನ್ ಗಾಳಿಯಿಂದ ತಣಿಯುವಂಥದ್ದು. ಒಳಗೆ ಹರಿಯುವ ನೀರೇ ಇಲ್ಲದ ಮೇಲೆ ಬಂದ ನೀರು ಹೊರಗಿನದ್ದೇ ಆಗಿರಬೇಕು, ಅಲ್ವಾ? ನೆನಪಿಸಿಕೊಂಡೆ. ಕೆಸರಾಗಿದೆ ಎಂದು ಹಿಂದಿನ ವಾರ ಪೈಪು ಹಿಡಿದು ಜೋರಾಗಿ ತೊಳೆದಿದ್ದೆ. ಆಮೇಲೆ ಒದ್ದೆ ಇರುವಾಗಲೇ ಟಾರ್ಪಾಲು ಸುತ್ತಿ ಕೊಟ್ಟಿಗೆಯ ನೆಲದಲ್ಲಿ ಇಟ್ಟಿದ್ದೆ. ಎರಡೂ ತಪ್ಪು.

ತೊಳೆಯದಿದ್ದರೂ ನಮ್ಮ ಕಡೆ ನೀರು ಸೇರುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಊರು ಇದು. ಮಳೆಗಾಲದಲ್ಲಿ ಗಾಳಿಯೇ ಒದ್ದೆ. ಹತ್ತು ನಿಮಿಷ ಮಿಷನ್ ಓಡಿಸಿ, ಮಳೆ ಬಂತೆಂದು ನಿಲ್ಲಿಸಿದರೆ ಎಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ. ಒಳಗೆ ಕಟ್ಟಿದ ಹನಿ ಆವಿಯಾಗದೆ ಎಣ್ಣೆಗೆ ಸೇರುತ್ತದೆ. ಹಾಗಾಗಿ ಒಮ್ಮೆ ಚಾಲೂ ಮಾಡಿದರೆ ಇಪ್ಪತ್ತು ನಿಮಿಷವಾದರೂ ಓಡಲಿ.

ಅನುಮಾನ ಇದ್ದರೆ ಆ ಎಣ್ಣೆಯಲ್ಲಿ ಮಿಷನ್ ಓಡಿಸಬೇಡಿ. ಎಲ್ಲ ಬಸಿದು ಗಾಜಿನ ಬಾಟಲಿಯಲ್ಲಿ ಒಂದು ರಾತ್ರಿ ಇಡಿ. ನೀರು ಜಾಸ್ತಿ ಇದ್ದರೆ ತಳದಲ್ಲಿ ಬೇರೆಯಾಗಿ ಕಾಣುತ್ತದೆ. ಬಸಿದ ಮೇಲೆ ಹೊಸ ಎಣ್ಣೆ ಹಾಕಿ, ಐದು ನಿಮಿಷ ಮೆಲ್ಲಗೆ ಓಡಿಸಿ, ಅದನ್ನೂ ಬಸಿದುಬಿಡಿ. ಮತ್ತೆ ಹೊಸದು ತುಂಬಿಸಿ. ಸುಮ್ನೆ ಖರ್ಚು ಅನಿಸಬಹುದು. ಆದರೆ 35 ಸಿಸಿಯ ಫೋರ್ ಸ್ಟ್ರೋಕ್ ಮಿಷನ್ನಿಗೆ ಹಿಡಿಯುವುದೇ ಸುಮಾರು 100 ಮಿಲಿ. ಅಷ್ಟು ಚೂರು ಎಣ್ಣೆಯಲ್ಲಿ ಎರಡು ಚಮಚ ನೀರು ಸೇರಿದರೆ ಎಷ್ಟಾಯಿತು ನೋಡಿ! ಮುಚ್ಚಳದ ರಬ್ಬರ್ ರಿಂಗು ಒಡೆದಿದ್ದರೆ ಅದನ್ನೂ ಬದಲಿಸಿ. ಪೆಟ್ರೋಲಿಗೇ ಎಣ್ಣೆ ಬೆರೆಸುವ ಟೂ ಸ್ಟ್ರೋಕ್ ಮಿಷನ್ನಿಗೆ ಈ ಮಾತು ಯಾವುದೂ ಹೊಂದುವುದಿಲ್ಲ.

ಎಣ್ಣೆ ಕಪ್ಪಾದರೆ ಜನ ಹೆದರುತ್ತಾರೆ. ಹೊಸ ಎಣ್ಣೆ ಜೇನಿನ ಬಣ್ಣ, ಓಡಿದ ಹಾಗೆ ಮಸಿ ಸೇರಿ ಕಪ್ಪಾಗುವುದು ಸಹಜ. ಕಂಪನಿಯ ಪುಸ್ತಕದಲ್ಲಿ ಹೇಳಿದಷ್ಟು ಗಂಟೆಗೆ ಬದಲಿಸಿದರೆ ಸಾಕು.

ನನಗೆ ಜಾಸ್ತಿ ಭಯ ಪೆಟ್ರೋಲ್ ವಾಸನೆಯದ್ದು. ಬಣ್ಣ ಹೆಚ್ಚೇನೂ ತಿರುಗಿರುವುದಿಲ್ಲ, ಎಣ್ಣೆ ಮಾತ್ರ ನೀರಿನ ಹಾಗೆ ತೆಳ್ಳಗೆ. ನೀವು ಹಾಕದೇ ಮಟ್ಟ ಮೇಲೆ ಬಂದಿರುತ್ತದೆ. ತೋಟದ ಪಂಪಿನಲ್ಲಿ, ಟಿಲ್ಲರಿನಲ್ಲಿ ಇದು ಜಾಸ್ತಿ. ಪೆಟ್ರೋಲ್ ಕಾಕ್ ತೆರೆದೇ ಬಿಟ್ಟಿರುತ್ತೇವೆ, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ತಡೆಯುವ ಸೂಜಿಯಲ್ಲಿ ಕಸ ಸಿಕ್ಕಿರುತ್ತದೆ, ಪೆಟ್ರೋಲ್ ರಾತ್ರಿಯಿಡೀ ಒಳಗೆ ಇಳಿಯುತ್ತದೆ. ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಟ್ಟು ಮೂಸಿ ನೋಡಿ, ಗೊತ್ತಾಗುತ್ತದೆ. ಒಲೆಯ ಹತ್ತಿರ ಬೇಡ. ಎಣ್ಣೆ ಬದಲಿಸಿ ಸೂಜಿ ಸರಿ ಮಾಡುವವರೆಗೆ ಹಗ್ಗ ಎಳೆಯಲೇಬೇಡಿ, ಅಂಥ ತೆಳು ಎಣ್ಣೆ ಪಿಸ್ಟನ್ನನ್ನು ಕಾಯುವುದಿಲ್ಲ.

ಬಿಸಿಲಿಗೆ ಹಿಡಿದಾಗ ಎಣ್ಣೆಯಲ್ಲಿ ಬೆಳ್ಳಿ ಪುಡಿಯ ಹಾಗೆ ಮಿನುಗಿದರೆ ಲೋಹ ಸವೆಯುತ್ತಿದೆ ಎಂದು ಅರ್ಥ. ಹೊಸ ಮಿಷನ್ನಿನ ಮೊದಲ ಎಣ್ಣೆಯಲ್ಲಿ ಸ್ವಲ್ಪ ಕಂಡರೆ ಚಿಂತೆ ಇಲ್ಲ. ಹಳೆಯದರಲ್ಲಿ ಕಂಡರೆ ಮೆಕ್ಯಾನಿಕ್‌ಗೆ ತೋರಿಸಿ.

ಈಗ ನಾನು ಮಿಷನ್ ತೊಳೆಯುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಹಲಗೆಯ ಮೇಲೆ, ಗಾಳಿಯಾಡುವಲ್ಲಿ ಇಡುತ್ತೇನೆ. ಬಸಿದ ಎಣ್ಣೆಯನ್ನು ಒರಲೆ ಬಾರದಿರಲಿ ಎಂದು ಬೇಲಿಯ ಕಂಬಗಳಿಗೆ ಬಳಿಯುವ ರೂಢಿ ಉಂಟು. ನಮ್ಮದು ಮುರಕಲ್ಲಿನ ನೆಲ, ಮೇಲೆ ಬಿದ್ದದ್ದು ಮಳೆನೀರಿನ ಜೊತೆ ಬಾವಿಗೆ ಇಳಿಯುತ್ತದೆ. ಹಾಗಾಗಿ ಹಳೆ ಡಬ್ಬದಲ್ಲಿ ಕೂಡಿಸಿಟ್ಟು, ತುಂಬಿದಾಗ ಪೇಟೆಯ ಗ್ಯಾರೇಜಿಗೆ ಕೊಟ್ಟು ಬರುತ್ತೇನೆ.