ಧಕ್ಕೆಯಲ್ಲಿ ಅಳೆದ ತಾಟೆ ಕಡಲಿನಲ್ಲಿ ಎಲ್ಲಿತ್ತು?

ಮಂಗಳೂರಿನ ಮೀನು ಇಳಿಸುವ ಧಕ್ಕೆಯಲ್ಲಿಯೂ ಮಲ್ಪೆ ಬಂದರಿನಲ್ಲಿಯೂ ಶಾರ್ಕ್‌ಗಳ ಜಾತಿ, ಉದ್ದ ಮತ್ತು ಲಿಂಗವನ್ನು ದಾಖಲಿಸುವ ಕೆಲಸವನ್ನು ನಾನು ಮೂರು ಮೀನುಗಾರಿಕಾ ಋತುಗಳ ಕಾಲ ಮಾಡಿದ್ದೇನೆ. ನಮ್ಮಲ್ಲಿ ಶಾರ್ಕಿಗೆ ತುಳುವಿನಲ್ಲಿ ತಾಟೆ ಎಂದೂ ಕೊಂಕಣಿಯಲ್ಲಿ ಮೋರಿ ಎಂದೂ ಹೆಸರಿದ್ದು, ದಡದ ಬಳಿ ಸಿಗುವ ಗೇಣುದ್ದದ ಮರಿಯಿಂದ ಹಿಡಿದು ದೂರದ ಕಡಲಿನ ರೇಷ್ಮೆ ಶಾರ್ಕ್‌ವರೆಗೆ ಎಲ್ಲವೂ ಈ ಒಂದೇ ಹೆಸರಿನಲ್ಲಿ ಏಲಂಗೆ ಬರುತ್ತವೆ. ಆದ್ದರಿಂದ ಯಾವ ಜಾತಿ ಎಷ್ಟು ಎಂದು ಬೇರ್ಪಡಿಸದೆ ಮುಂದಿನ ಯಾವ ಲೆಕ್ಕವೂ ನಿಲ್ಲುವುದಿಲ್ಲ.

ಬೆನ್ನಿನ ಎರಡು ಈಜುರೆಕ್ಕೆಗಳ ನಡುವೆ ಚರ್ಮದ ಸಣ್ಣ ಏಣು ಇದ್ದು, ಎರಡನೆಯ ರೆಕ್ಕೆಯ ಹಿಂದಿನ ತುದಿ ಅದರ ಎತ್ತರದ ಎರಡು ಪಟ್ಟಿಗಿಂತಲೂ ಉದ್ದವಾಗಿ ಚಾಚಿದ್ದರೆ ಅದು ರೇಷ್ಮೆ ಶಾರ್ಕ್ ಎಂದು ಬರೆದುಕೊಳ್ಳುತ್ತಿದ್ದೆ. ಸುತ್ತಿಗೆತಲೆಯ ಶಾರ್ಕ್‌ಗಳಲ್ಲಿ ತಲೆಯ ಮುಂಭಾಗದ ನಡುವೆ ಕಚ್ಚು ಇದೆಯೇ ಎಂದು ನೋಡಬೇಕು. ಥ್ರೆಷರ್ ಶಾರ್ಕಿನ ಬಾಲವೇ ಹೆಚ್ಚುಕಡಿಮೆ ಮೈಯ ಅರ್ಧದಷ್ಟಿರುವುದರಿಂದ, ಬಾಲ ಮಡಚಿಕೊಂಡಿದ್ದರೆ ಪೂರ್ಣ ಉದ್ದದ ಅಳತೆ ನಂಬಲು ಬರುವುದಿಲ್ಲ. ಅದನ್ನು ಬಾಲದ ಬುಡದವರೆಗೆ ಮಾತ್ರ ಅಳೆದೆ. ಗಂಡಿನ ಹೊಟ್ಟೆಯಡಿಯ ಕ್ಲಾಸ್ಪರ್ ಎಂಬ ಜೋಡಿ ಅಂಗವನ್ನು ಬೆರಳಿನಿಂದ ಒತ್ತಿ, ಮೆತ್ತಗಿದ್ದರೆ ಮರಿ, ಗಟ್ಟಿಯಾಗಿ ಬುಡದಲ್ಲಿ ಸಲೀಸಾಗಿ ತಿರುಗುವಂತಿದ್ದರೆ ಪ್ರೌಢ ಎಂದು ಗುರುತಿಸುವುದು ರೂಢಿ. ಹೆಣ್ಣಿನ ವಿಷಯ ಇಷ್ಟು ಸುಲಭವಲ್ಲ. ಹೊಟ್ಟೆ ಸೀಳುವವರೆಗೆ ಕಾದು, ಖರೀದಿದಾರರ ಒಪ್ಪಿಗೆ ಪಡೆದು, ಗರ್ಭಕೋಶವನ್ನು ನೋಡಬೇಕು.

ಮೊದಲ ಋತುವಿನ ಕೊನೆಯಲ್ಲಿ ನಾನು ದೊಡ್ಡದೊಂದು ತಪ್ಪು ಮಾಡಿದೆ. ತಲೆಯ ನಡುವೆ ಕಚ್ಚಿರುವ ಸುತ್ತಿಗೆತಲೆಯ ಶಾರ್ಕಿನ (ಸ್ಕ್ಯಾಲಪ್ಡ್ ಹ್ಯಾಮರ್‌ಹೆಡ್) ಉದ್ದಗಳನ್ನು ರೇಖಾನಕ್ಷೆಯಲ್ಲಿ ಹಾಕಿದಾಗ ಬಹುತೇಕ ಎಲ್ಲವೂ 1 ಮೀಟರ್‌ಗಿಂತ ಚಿಕ್ಕವಾಗಿದ್ದವು. ಹುಟ್ಟುವಾಗಲೇ ಸುಮಾರು ಅರ್ಧ ಮೀಟರ್ ಇರುವ ಈ ಜಾತಿಯಲ್ಲಿ ಹೆಣ್ಣು ಪ್ರೌಢವಾಗುವುದು 2 ಮೀಟರ್ ದಾಟಿದ ಮೇಲೆ. ಹಾಗಾಗಿ ನಮ್ಮ ಕಡಲಿನಲ್ಲಿ ದೊಡ್ಡವು ಮುಗಿದೇ ಹೋಗಿವೆ ಎಂದು ವರದಿಯ ಕರಡಿನಲ್ಲಿ ಬರೆದುಬಿಟ್ಟೆ. ಅದನ್ನು ಕೇಳಿದ ಮಲ್ಪೆಯ ಒಬ್ಬ ಹಿರಿಯ ತಾಂಡೇಲರು (ಬೋಟಿನ ನಾಯಕರು), "ನೀವು ಟ್ರಾಲ್‌ಬೋಟಿನ ಮೀನು ಮಾತ್ರ ನೋಡುವುದಲ್ವಾ? ದೊಡ್ಡ ತಾಟೆ ಬೇಕಾದರೆ ಗಾಳದವರ ಬೋಟ್ ಬರುವವರೆಗೆ ನಿಲ್ಲಬೇಕು" ಎಂದರು.

ಅವರ ಮಾತು ಪೂರ್ತಿ ಸರಿಯಾಗಿತ್ತು. ನಾನು ಹೋಗುತ್ತಿದ್ದ ಹೊತ್ತಿಗೆ ಟ್ರಾಲ್‌ಬೋಟ್‌ಗಳ ಮೀನು ಮಾತ್ರ ಇಳಿಯುತ್ತಿತ್ತು, ಮತ್ತು ಅವು ಬಲೆ ಎಳೆಯುವುದು ಮರಿಗಳು ಬೆಳೆಯುವ ಕಡಿಮೆ ಆಳದ ನೀರಿನಲ್ಲಿ. ಈ ಜಾತಿಯ ಹೆಣ್ಣುಗಳು ಗಂಡುಗಳಿಗಿಂತ ಚಿಕ್ಕ ಗಾತ್ರದಲ್ಲಿಯೇ ದಡ ಬಿಟ್ಟು ಆಳದ ಕಡೆಗೆ ಹೋಗುತ್ತವೆ ಎಂಬುದು ಕ್ಯಾಲಿಫೋರ್ನಿಯಾ ಕೊಲ್ಲಿಯ ಅಧ್ಯಯನದಿಂದ ಬಹಳ ಹಿಂದೆಯೇ ತಿಳಿದಿದ್ದ ಸಂಗತಿ. ಓದಿದ್ದರೂ ಧಕ್ಕೆಯಲ್ಲಿ ನಿಂತಾಗ ನನಗೆ ಹೊಳೆಯಲಿಲ್ಲ. ನನ್ನ ನಕ್ಷೆ ತೋರಿಸಿದ್ದು ಬಲೆಯ ಸ್ವಭಾವವನ್ನೇ ಹೊರತು ಕಡಲಿನಲ್ಲಿರುವ ಶಾರ್ಕ್‌ಗಳ ಒಟ್ಟು ಸಂತತಿಯನ್ನಲ್ಲ.

ಎರಡನೆಯ ಋತುವಿನಿಂದ ಪ್ರತಿ ಮೀನಿನ ಎದುರು ಬೋಟಿನ ಬಗೆ, ಬಲೆಯೋ ಗಾಳವೋ, ಎಷ್ಟು ಮಾರು ಆಳ, ಜಿಪಿಎಸ್ ಗುರುತು ಎಲ್ಲಿಯದು ಎಂಬ ಕಲಂಗಳನ್ನು ಸೇರಿಸಿದೆ. ಹತ್ತು ದಿನಗಳಿಗಿಂತ ಹೆಚ್ಚು ಹೊರಗಿರುವ ಬೋಟುಗಳು ಬೇರೆ ರಾಜ್ಯದ ಕಡಲಿನ ಮೀನನ್ನೂ ಇಲ್ಲಿಯೇ ಇಳಿಸುವುದರಿಂದ, ಇಳಿದ ಊರನ್ನು ಹಿಡಿದ ಜಾಗವೆಂದು ಬರೆದರೆ ಹರಡುವಿಕೆಯ ನಕ್ಷೆಯೇ ಸುಳ್ಳಾಗುತ್ತದೆ. ತಾವು ಮೀನು ಹಿಡಿದ ಜಾಗವನ್ನು ಯಾವ ತಾಂಡೇಲರೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅದು ಅವರ ಅನ್ನದ ಗುಟ್ಟು. ಸುಮಾರು 50 ಕಿಲೋಮೀಟರ್ ಅಗಲದ ಚೌಕವನ್ನಷ್ಟೇ ಗುರುತಿಸಿದರೆ ಸಾಕು ಎಂದು ಕೇಳಿಕೊಂಡ ಮೇಲೆ ಹೆಚ್ಚಿನವರು ಒಪ್ಪಿದರು. ಗಾಳದ ಬೋಟುಗಳು ಬಂದ ಒಂದು ಬೆಳಿಗ್ಗೆ, ನನ್ನ ಪಟ್ಟಿಯಲ್ಲಿ ಇಲ್ಲದ ದೊಡ್ಡ ಹೆಣ್ಣುಗಳು ಸಾಲಾಗಿ ಮಲಗಿದ್ದವು. ಅವುಗಳಲ್ಲೊಂದು ಗರ್ಭ ಧರಿಸಿದ್ದ ರೇಷ್ಮೆ ಶಾರ್ಕ್. ಅದರ ಮರಿಗಳನ್ನು ಒಂದೊಂದಾಗಿ ಅಳೆಯುವಾಗ ನನ್ನ ಕೈ ನಿಧಾನವಾಯಿತು.

ಸಂತತಿಯ ರಚನೆಯನ್ನು, ಅಂದರೆ ಯಾವ ಗುಂಪು ಯಾವುದರಿಂದ ಬೇರೆ ಎಂಬುದನ್ನು, ಉದ್ದದಿಂದ ಮಾತ್ರ ತಿಳಿಯಲಾಗದು. ಅದಕ್ಕೆ ಡಿಎನ್‌ಎ ಬೇಕು. ಈಜುರೆಕ್ಕೆಯ ಅಂಚಿನಿಂದ ಉಗುರಿನಷ್ಟು ತುಂಡನ್ನು ಕತ್ತರಿಸಿ ಎಥನಾಲ್‌ನಲ್ಲಿ ಇಡುತ್ತಿದ್ದೆ, ಮತ್ತು ಪ್ರತಿ ಮೀನಿನ ನಂತರ ಬ್ಲೇಡನ್ನು ಬೆಂಕಿಗೆ ಹಿಡಿಯುತ್ತಿದ್ದೆ. ಒಂದೇ ಬಲೆಯಲ್ಲಿ ಸಿಕ್ಕ ಮರಿಗಳು ಒಂದೇ ತಾಯಿಯವಾಗಿರಬಹುದು. ಅವೆಲ್ಲವನ್ನೂ ಸೇರಿಸಿದರೆ ಒಂದು ಕುಟುಂಬವೇ ಇಡೀ ಸಂತತಿಯಂತೆ ತೋರುತ್ತದೆ. ಹಾಗಾಗಿ ಒಂದು ಬಲೆಯಿಂದ ಎರಡಕ್ಕಿಂತ ಹೆಚ್ಚು ಮಾದರಿ ತೆಗೆಯಲಿಲ್ಲ. ತಾಯಿಯಿಂದ ಮಾತ್ರ ಬರುವ ಮೈಟೋಕಾಂಡ್ರಿಯದ ಡಿಎನ್‌ಎಯನ್ನೂ ತಂದೆತಾಯಿ ಇಬ್ಬರಿಂದಲೂ ಬರುವ ಕೋಶಕೇಂದ್ರದ ಡಿಎನ್‌ಎಯನ್ನೂ ಬೇರೆಬೇರೆಯಾಗಿ ಓದುವುದು ಅಗತ್ಯ. ಸುತ್ತಿಗೆತಲೆಯ ಈ ಜಾತಿಯಲ್ಲಿ ತಾಯಿವಂಶಗಳು ಸಾಗರದಿಂದ ಸಾಗರಕ್ಕೆ ಸ್ಪಷ್ಟವಾಗಿ ಬೇರೆಯಾಗಿದ್ದು, ಕೋಶಕೇಂದ್ರದ ವ್ಯತ್ಯಾಸ ಅಷ್ಟಿಲ್ಲದಿರುವುದನ್ನು ಹೆಣ್ಣುಗಳು ತಮ್ಮ ಕರಾವಳಿಯನ್ನು ಬಿಡುವುದಿಲ್ಲ, ಗಂಡುಗಳು ದೂರ ಅಲೆಯುತ್ತವೆ ಎಂದು ಅರ್ಥೈಸಲಾಗಿದೆ. 2013ರಲ್ಲಿ ಈ ಸುತ್ತಿಗೆತಲೆಯ ಶಾರ್ಕೂ 2016ರಲ್ಲಿ ರೇಷ್ಮೆ ಮತ್ತು ಥ್ರೆಷರ್ ಶಾರ್ಕ್‌ಗಳೂ, ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿರುವುದರಿಂದ, ಅನುಮತಿಯಿಲ್ಲದೆ ಮಾದರಿಗಳನ್ನು ವಿದೇಶಕ್ಕೆ ಕಳುಹಿಸುವಂತಿಲ್ಲ. ನಮ್ಮವನ್ನು ದೇಶದೊಳಗೇ ಓದಿಸಿದೆವು.

ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದ ಕಾಲಕ್ಕೆ ನನ್ನ ಪುಸ್ತಕ ಖಾಲಿ. ಆಳದ ಆಮ್ಲಜನಕ ಕಡಿಮೆಯಿರುವ ನೀರು ದಡದತ್ತ ಮೇಲೇರುವುದು ಇದೇ ಮಳೆಗಾಲದಲ್ಲಿ; ಆಗ ಶಾರ್ಕ್‌ಗಳು ಎಲ್ಲಿರುತ್ತವೆ ಎಂಬುದು ನನ್ನ ದಾಖಲೆಯಲ್ಲಿಲ್ಲ. ಆ ಅಂತರವನ್ನು ಊಹೆಯಿಂದ ತುಂಬಿಸದೆ, ನಕ್ಷೆಯಲ್ಲಿ ಆ ಎರಡು ತಿಂಗಳನ್ನು ಬಿಳಿಯಾಗಿಯೇ ಬಿಟ್ಟಿದ್ದೇನೆ.