ಸ್ಕಾಟ್ಲೆಂಡ್‌ಗೆ ಬಂದವರಿಗೆ: ಬಾಟಲಿ ಕೊಳ್ಳುವ ಮುಂಚೆ ಯೂನಿಟ್ ಲೆಕ್ಕ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಗ್ಲಾಸ್ಗೋ, ಎಡಿನ್‌ಬರೋಕ್ಕೆ ಬರುವ ಹುಡುಗರಿಗೆ ಒಂದು ಚಟ ಬೇಗ ಹತ್ತುತ್ತದೆ. ನಾಲ್ಕು ಮಂದಿ ಸೇರಿ ಕಾರು ಹತ್ತಿ, ಇಂಗ್ಲೆಂಡಿನ ಕಾರ್ಲೈಲ್‌ವರೆಗೆ ಹೋಗಿ ಡಿಕ್ಕಿ ತುಂಬ ಮದ್ಯದ ಬಾಟಲಿ ತರುವುದು. ಚೋರ್ಲಾ ಘಾಟಿನಾಚೆ ಗೋವಾ ಇಟ್ಟುಕೊಂಡು ಬೆಳೆದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಆದರೆ ಇಲ್ಲಿನ ಲೆಕ್ಕವೇ ಬೇರೆ.

ನಮ್ಮಲ್ಲಿ ಎಂಆರ್‌ಪಿ ಅಂದರೆ ಅದಕ್ಕಿಂತ ಹೆಚ್ಚಿಗೆ ಮಾರುವಂತಿಲ್ಲ. ಸ್ಕಾಟ್ಲೆಂಡಿನಲ್ಲಿ ಉಲ್ಟಾ, ಮದ್ಯವನ್ನು ಇಂತಿಷ್ಟಕ್ಕಿಂತ ಕಡಿಮೆಗೆ ಮಾರುವಂತಿಲ್ಲ. 2018ರ ಮೇ 1ರಿಂದ ಯೂನಿಟ್ಟಿಗೆ ಕನಿಷ್ಠ 50 ಪೆನ್ಸ್ ಇತ್ತು, 2024ರ ಸೆಪ್ಟೆಂಬರ್ 30ರಿಂದ 65 ಪೆನ್ಸ್ ಆಗಿದೆ. ಒಂದು ಯೂನಿಟ್ ಅಂದರೆ 10 ಮಿ.ಲೀ. ಶುದ್ಧ ಆಲ್ಕೋಹಾಲ್. ಬಾಟಲಿಯ ಮಿಲಿಲೀಟರನ್ನು ಶೇಕಡಾ ಅಂಕಿಯಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಯೂನಿಟ್ ಸಿಗುತ್ತದೆ. 700 ಮಿ.ಲೀ., 40 ಶೇಕಡಾ ವಿಸ್ಕಿಯಲ್ಲಿ 28 ಯೂನಿಟ್, ಕನಿಷ್ಠ ಬೆಲೆ 18.20 ಪೌಂಡ್. 750 ಮಿ.ಲೀ., 13 ಶೇಕಡಾ ವೈನ್ 6.34 ಪೌಂಡ್. ಏಳೂವರೆ ಶೇಕಡಾ ಸೈಡರ್‌ನ (ಸೇಬಿನ ಮದ್ಯ) ಮೂರು ಲೀಟರ್ ಬಾಟಲಿ 14.63 ಪೌಂಡ್. ಈ ಕಾನೂನಿನ ಗುರಿಯೇ ಆ ಸೈಡರ್‌ನಂಥ ಅಗ್ಗದ, ಗಡುಸು ಮಾಲು. ಪಬ್ಬಿನಲ್ಲಿ ಇದರ ಬಿಸಿ ತಟ್ಟುವುದಿಲ್ಲ, ಅಲ್ಲಿನ ಬೆಲೆ ಮೊದಲೇ ಎಷ್ಟೋ ಮೇಲಿದೆ.

ಈಗ ಕಾರ್ಲೈಲ್ ಯಾತ್ರೆಯ ವಿಷಯ. ಇಂಗ್ಲೆಂಡಿನಲ್ಲಿ ಈ ಕನಿಷ್ಠ ಬೆಲೆ ಇಲ್ಲ, ಅದಕ್ಕೇ ಈ ಓಡಾಟ. 18.20 ಪೌಂಡ್‌ಗಿಂತ ಮೇಲಿನ ವಿಸ್ಕಿಗೆ ಈ ಕಾನೂನಿಂದ ಒಂದು ಪೆನ್ನಿಯೂ ಏರಿಲ್ಲ. 30 ಪೌಂಡ್‌ನ ಸಿಂಗಲ್ ಮಾಲ್ಟ್ ಹುಡುಕಿಕೊಂಡು ಗಡಿ ದಾಟಿದವರು ಸುಮ್ಮನೆ ರಸ್ತೆ ಸವೆಸಿ ಬಂದ ಹಾಗೆ. ಉಳಿತಾಯ ಇರುವುದು ತೀರಾ ಅಗ್ಗದ ಬಾಟಲಿಯಲ್ಲಿ ಮಾತ್ರ, ಅದೂ ಬಾಟಲಿಗೆ 3 ಪೌಂಡ್ ಅಂತಿಟ್ಟುಕೊಳ್ಳಿ. ಗ್ಲಾಸ್ಗೋದಿಂದ ಹೋಗಿ ಬರಲು ಸುಮಾರು 310 ಕಿ.ಮೀ., ಪೆಟ್ರೋಲ್ 20 ಲೀಟರ್ ಹತ್ತಿರ. ಲೀಟರಿಗೆ 1.40 ಪೌಂಡ್ ಹಿಡಿದರೆ 28 ಪೌಂಡ್ ಹೋಯಿತು. ಹತ್ತು ಬಾಟಲಿ ತಂದರೆ ಪೆಟ್ರೋಲ್ ದುಡ್ಡು ಅಷ್ಟೇ ಹುಟ್ಟುತ್ತದೆ. ಹತ್ತು ಬಾಟಲಿ ಅಂದರೆ 280 ಯೂನಿಟ್. ಇಲ್ಲಿನ ವೈದ್ಯಾಧಿಕಾರಿಗಳು ವಾರಕ್ಕೆ 14 ಯೂನಿಟ್ ದಾಟಬೇಡಿ ಅನ್ನುತ್ತಾರೆ. ಆ ಪ್ರಕಾರ ಅದು ಒಬ್ಬರಿಗೆ 20 ವಾರದ ಸರಕು. ಕಪಾಟಿನಲ್ಲಿ ಹತ್ತು ಬಾಟಲಿ ಕೂತಿದ್ದರೆ 20 ವಾರ ಬಾಳುತ್ತವೆಯೇ, ನೀವೇ ಹೇಳಿ. ಗೋವಾ ದಾರಿಯ ಕಣಕುಂಬಿಯಂತೆ ಇಲ್ಲಿ ಅಬಕಾರಿ ಚೆಕ್‌ಪೋಸ್ಟ್ ಇಲ್ಲ, ಸ್ವಂತಕ್ಕೆ ತರುವುದು ತಪ್ಪೂ ಅಲ್ಲ. ಆದರೆ ಅದನ್ನು ರೂಮಿನವರಿಗೆ ಲಾಭ ಇಟ್ಟು ಮಾರಿದಿರೋ, ಲೈಸೆನ್ಸ್ ಇಲ್ಲದ ಮಾರಾಟದ ಅಪರಾಧ.

ಸಗಟು ಕೊಂಡರೆ ಅಗ್ಗ ಅನ್ನುವ ನಮ್ಮ ಬುದ್ಧಿಯೂ ಇಲ್ಲಿ ನಡೆಯದು. 2011ರ ಅಕ್ಟೋಬರ್‌ನಿಂದ ಎರಡು ಕೊಂಡರೆ ಒಂದು ಫ್ರೀ ಎನ್ನುವಂಥ ಆಫರ್‌ಗಳು ಬಂದ್. ಬಿಡಿಯಾಗಿ ಮಾರುವ ಬಿಯರ್ ಕ್ಯಾನನ್ನೇ ನಾಲ್ಕರ ಪ್ಯಾಕ್ ಮಾಡಿದರೆ, ನಾಲ್ಕು ಬಿಡಿ ಕ್ಯಾನಿನ ಬೆಲೆಗಿಂತ ಇಳಿಸುವಂತಿಲ್ಲ. ಬೇಕಾದಷ್ಟೇ ಕೊಳ್ಳಿ. ಅಂಗಡಿಯಲ್ಲಿ ಮಾರಾಟ ಬೆಳಿಗ್ಗೆ 10ರಿಂದ ರಾತ್ರಿ 10ರವರೆಗೆ ಮಾತ್ರ. 25ಕ್ಕಿಂತ ಚಿಕ್ಕವರಂತೆ ಕಂಡರೆ ಗುರುತಿನ ಚೀಟಿ ಕೇಳುತ್ತಾರೆ. ಆಧಾರ್ ನಂಬಿಕೊಂಡು ಹೋಗಬೇಡಿ, ಪಾಸ್‌ಪೋರ್ಟ್ ಒಯ್ಯಿರಿ.

ಈ ಕನಿಷ್ಠ ಬೆಲೆಯಿಂದ ಉಪಯೋಗ ಆಯಿತೇ? ಇಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಪಬ್ಲಿಕ್ ಹೆಲ್ತ್ ಸ್ಕಾಟ್ಲೆಂಡ್ 2023ರಲ್ಲಿ ಕೊಟ್ಟ ವರದಿಯ ಅಂದಾಜಿನಂತೆ, ನೇರವಾಗಿ ಕುಡಿತದಿಂದಾಗುವ ಸಾವು ಶೇ. 13.4ರಷ್ಟು ಕಡಿಮೆಯಾಯಿತು, ಮಾರಾಟ ಶೇ. 3ರಷ್ಟು ಇಳಿಯಿತು. ಆದರೆ ಕುಡಿತಕ್ಕೆ ಪೂರ್ತಿ ದಾಸರಾದವರಲ್ಲಿ ಕೆಲವರು ಬಾಟಲಿ ಬಿಡದೆ ಊಟದ ಖರ್ಚನ್ನೇ ಕಡಿತ ಮಾಡಿದರು. ನಮ್ಮ ಕಡೆ ಕೂಲಿ ದುಡ್ಡಿನಲ್ಲಿ ನಡೆಯುವ ಮನೆಗಳನ್ನು ಕಂಡವರಿಗೆ ಇದು ಹೊಸತಲ್ಲ. ಕರ್ನಾಟಕದಲ್ಲಿ ವಿಸ್ಕಿ, ರಮ್‌ನ ತೆರಿಗೆ ಬಹುಕಾಲ ಬೆಲೆಯ ಸ್ಲ್ಯಾಬ್ ನೋಡಿ ಏರುತ್ತಿತ್ತು, ಹಾಗಾಗಿ ಕೆಳಗಿನ ಸ್ಲ್ಯಾಬಿನಲ್ಲಿ ಅದೇ ಆಲ್ಕೋಹಾಲ್ ಅಗ್ಗಕ್ಕೆ ಸಿಗುತ್ತಿತ್ತು. ದೇಹಕ್ಕೆ ಬ್ರ್ಯಾಂಡ್ ಗೊತ್ತಾಗುವುದಿಲ್ಲ. ಅದಕ್ಕೇ ಯೂನಿಟ್ ಲೆಕ್ಕವೇ ಮೇಲು. ಒಂದೇ ಕೊರತೆ, ಇದು ತೆರಿಗೆಯಲ್ಲವಾದ್ದರಿಂದ ಏರಿದ ದುಡ್ಡು ಸರ್ಕಾರಕ್ಕೆ ಹೋಗದೆ ಹೆಚ್ಚಾಗಿ ಅಂಗಡಿ, ಕಂಪನಿಗಳ ಗಲ್ಲಾಪೆಟ್ಟಿಗೆಗೇ ಬೀಳುತ್ತದೆ.

ಯೂನಿಟ್ ಲೆಕ್ಕ ಸ್ಟೇರಿಂಗ್ ಹಿಡಿಯುವಾಗಲೂ ಬೇಕು. ನಮ್ಮ 42.8 ಶೇಕಡಾದ ಒಂದು ಕ್ವಾರ್ಟರ್, ಅಂದರೆ 180 ಮಿ.ಲೀ., 7.7 ಯೂನಿಟ್. ದೇಹ ಗಂಟೆಗೆ ಸುಮಾರು ಒಂದು ಯೂನಿಟ್ ಕರಗಿಸುತ್ತದೆ. ರಾತ್ರಿ 11ಕ್ಕೆ ಕ್ವಾರ್ಟರ್ ಮುಗಿಸಿ ಮಲಗಿದವನ ರಕ್ತದಲ್ಲಿ ಬೆಳಗಿನ ಶಿಫ್ಟಿಗೆ ಹೊರಡುವಾಗಲೂ ಅದು ಉಳಿದಿರಬಹುದು. ಇಂಗ್ಲೆಂಡಿನಲ್ಲಿ ಗಾಡಿ ಓಡಿಸುವವರಿಗೆ 100 ಮಿ.ಲೀ. ರಕ್ತಕ್ಕೆ 80 ಮಿ.ಗ್ರಾಂ. ಆಲ್ಕೋಹಾಲ್‌ವರೆಗೆ ಮಿತಿ. ಸ್ಕಾಟ್ಲೆಂಡಿನಲ್ಲಿ 2014ರ ಡಿಸೆಂಬರ್ 5ರಿಂದ 50 ಮಾತ್ರ. ಕಾರ್ಲೈಲ್‌ನಲ್ಲಿ ಊಟದ ಜೊತೆ ಗ್ಲಾಸು ಏರಿಸಿ ವಾಪಸ್ ಬರುವವರು ಗಡಿ ದಾಟಿದ ಕ್ಷಣದಲ್ಲೇ ಅಪರಾಧಿಗಳಾಗಬಹುದು. ಸಿಕ್ಕಿಬಿದ್ದು ತಪ್ಪು ಸಾಬೀತಾದರೆ ಕನಿಷ್ಠ 12 ತಿಂಗಳು ಗಾಡಿ ಓಡಿಸುವಂತಿಲ್ಲ.